ಬರದೇ ಹೋದವರನ್ನು ಹುಡುಕುವ ಕೆಲಸ



ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹರಕೆ ಹೊತ್ತು ಬರುವವರು ಮಂಡಿನೋವು, ಸಕ್ಕರೆ ಕಾಯಿಲೆ, ಮಕ್ಕಳಿಲ್ಲದ ಕೊರಗು ಎಲ್ಲವನ್ನೂ ಗುರುಗಳ ಮುಂದೆ ಬಾಯ್ಬಿಟ್ಟು ಹೇಳುತ್ತಾರೆ. ಮಗ ಆರು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ ಎಂಬುದನ್ನು ಮಾತ್ರ, ಉಳಿದವರೆಲ್ಲ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ವಿನೋಬನಗರದ ನಮ್ಮ ಒಂದು ಕುಟುಂಬದ ಹುಡುಗಿ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯು. ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಜೊತೆ ತರಬೇತಿಗೆ ಹೋದಳು. "ಏನಮ್ಮ, ರೋಗಿಗಳಿಗೆ ಕೌನ್ಸೆಲಿಂಗ್ ಮಾಡ್ತೀಯಾ?" ಎಂದು ಕೇಳಿದೆ. "ಇಲ್ಲ ಫಾದರ್, ಬರದೇ ಹೋದವರನ್ನು ಹುಡುಕ್ತೀನಿ" ಎಂದಳು.

ಆ ಮಾತು ನನಗೆ ಕೂಡಲೇ ಅರ್ಥವಾಗಲಿಲ್ಲ. ಆಮೇಲೆ ಅವಳೇ ವಿವರಿಸಿದಳು. ಒಂದು ಕಾಲದಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಬೇಕೆಂದರೆ ನಮ್ಮ ಕಡೆಯವರು ಬೆಂಗಳೂರಿನ ರೈಲು ಹತ್ತಬೇಕಿತ್ತು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಹೊಸದೊಂದು ಪ್ರಯೋಗಕ್ಕೆ ಕೈಹಾಕಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಜನ ಇರುವಲ್ಲಿಗೇ ಚಿಕಿತ್ಸೆಯನ್ನು ಒಯ್ದರು. ಅದೇ ಮಾದರಿ 1996ರಲ್ಲಿ ರಾಷ್ಟ್ರದ ಕಾರ್ಯಕ್ರಮವಾಯಿತು. ನಮ್ಮ ಬಯಲುಸೀಮೆಯಲ್ಲಿ ಹುಟ್ಟಿದ ಕೆಲಸವಿದು, ನಮಗೇ ಗೊತ್ತಿಲ್ಲ! ಇಂದು ಮನೋಚೈತನ್ಯ ಎಂಬ ಹೆಸರಿನಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ.

ಆದರೆ ವೈದ್ಯರು ಬಂದರೆ ಸಾಲದು, ರೋಗಿಯೂ ಮತ್ತೆ ಬರಬೇಕಲ್ಲ. ಮೊದಲ ಸಲ ಬಂದವರು ಎರಡನೆಯ ತಿಂಗಳು ಕಾಣುವುದಿಲ್ಲ. ದಾಖಲೆ ಪುಸ್ತಕ ಹಿಡಿದು, ಆಶಾ ಕಾರ್ಯಕರ್ತೆಯ ಜೊತೆ ಅಂಥವರ ಮನೆಗೆ ಹೋಗಿ ಕಾರಣ ಕೇಳುವುದೇ ಈ ಹುಡುಗಿಯ ಕೆಲಸ. ಕೆಲವರಿಗೆ ಮಾತ್ರೆಯಿಂದ ಕೈನಡುಕ, ವಿಪರೀತ ನಿದ್ದೆ. ಒಬ್ಬರಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಔಷಧಿ ಚೀಟಿ ಮನೆಯಲ್ಲಿರುವುದೇ ಬೇಡ ಎಂದವರೂ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಉತ್ತರ, "ಈಗ ಚೆನ್ನಾಗಿದ್ದಾನಲ್ಲ, ಇನ್ನೇಕೆ ಮಾತ್ರೆ?"

ಈ ಉತ್ತರ ಕೇಳಿ ನಾನು ತಲೆತಗ್ಗಿಸಿದೆ. ಎರಡು ವರ್ಷದ ಹಿಂದೆ ಒಬ್ಬ ತಾಯಿ ನವೇನ ಮುಗಿಸಿ ನನ್ನ ಬಳಿ ಬಂದು, "ಮಗ ಗುಣವಾದ, ಮಾತ್ರೆ ನಿಲ್ಲಿಸಿದ್ದೀವಿ ಫಾದರ್" ಎಂದಿದ್ದರು. "ದೇವರಿಗೆ ಸ್ತೋತ್ರ" ಎಂದು ಆಶೀರ್ವದಿಸಿ ಕಳುಹಿಸಿದೆ. ಡಾಕ್ಟರನ್ನು ಕೇಳಿದಿರಾ ಎಂಬ ಒಂದು ಪ್ರಶ್ನೆ ನನ್ನ ಬಾಯಿಂದ ಬರಲಿಲ್ಲ. ಕ್ರಿಸ್ತಜಯಂತಿಯ ಹೊತ್ತಿಗೆ ಆ ಹುಡುಗನಿಗೆ ಮತ್ತೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಯಾರೋ ಬೈಯುವ ದನಿಗಳು. ಸೆಮಿನರಿಯಲ್ಲಿ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಓದಿದವನು ನಾನು. ವೈದ್ಯನನ್ನೂ ಭೂಮಿಯಿಂದ ಬರುವ ಔಷಧಿಯನ್ನೂ ದೇವರೇ ಕೊಟ್ಟದ್ದೆಂದು ಅಲ್ಲಿ ಸ್ಪಷ್ಟವಾಗಿದೆ.

ಚೆನ್ನಾಗಿರುವುದು ಮಾತ್ರೆಯಿಂದಲೇ ಇರಬಹುದು. ಖಿನ್ನತೆಯ ಮಾತ್ರೆ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಕೈನಡುಕವಿದ್ದರೆ ಹೇಳಿದರಾಯಿತು, ವೈದ್ಯರು ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಬರೆಯುತ್ತಾರೆ. ದೀರ್ಘಕಾಲದ ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಆ ಪ್ರಮಾಣಪತ್ರದ ಅರ್ಜಿ ತುಂಬಿಸಲು ಅವಳು ಎಷ್ಟೋ ಮನೆಗಳಲ್ಲಿ ಆಧಾರ್ ಕಾರ್ಡು ಹುಡುಕಿಸಿದಳಂತೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವವರು ಇದನ್ನು ತಿಳಿದಿರಬೇಕು. ಆಸ್ಪತ್ರೆಗೆ ಬರಲು ಸಂಕೋಚವಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ನಂಬರ್ 14416. ಹಗಲೂ ರಾತ್ರಿಯೂ, ಕನ್ನಡದಲ್ಲೇ, ಉಚಿತವಾಗಿ ಮಾತನಾಡುತ್ತಾರೆ.

ಆ ಭಾನುವಾರ ಬಲಿಪೂಜೆಯ ನಂತರ ಮಂಗಳವಾರದ ಕ್ಲಿನಿಕ್ ವಿಷಯವನ್ನು ನಾನೇ ಪ್ರಕಟಿಸಿದೆ. ಅಂಗಳದಲ್ಲಿ ಒಬ್ಬರೂ ಅದರ ಮಾತೆತ್ತಲಿಲ್ಲ. ಬುಧವಾರ ಆ ಹುಡುಗಿ ಸಿಕ್ಕಾಗ ಕುತೂಹಲ ತಡೆಯಲಾರದೆ ಕೇಳಿದೆ, "ನಮ್ಮವರು ಯಾರಾದರೂ ಬಂದಿದ್ದರೇನಮ್ಮ?"

ಅವಳು ನಕ್ಕಳು. "ಪಾಪನಿವೇದನೆಯಲ್ಲಿ ಕೇಳಿದ್ದನ್ನು ನೀವು ನನಗೆ ಹೇಳ್ತೀರಾ ಫಾದರ್?"