ಮಂಗಳೂರಿಗೆ ಹೊರಟ ಸಹೋದರಿಯರಿಗೆ

ಕೂಡ್ಲಿಗಿಯಿಂದಲೋ ಹಡಗಲಿಯಿಂದಲೋ ಮಂಗಳೂರಿಗೆ ಹೊರಟಿದ್ದೀರಾ, ಸಹೋದರಿಯರೇ? ಮಗಳ ಕಾಲೇಜಿಗಾಗಿರಬಹುದು, ಮನೆಯವರ ಚಿಕಿತ್ಸೆಗಾಗಿರಬಹುದು, ಸುಮ್ಮನೆ ಕಡಲು ನೋಡುವ ಆಸೆಯೂ ಇರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಚಿಂತೆ ತಪ್ಪಿತು. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಮಾತ್ರ ಅದು ಅನ್ವಯಿಸದು.

ಹರಪನಹಳ್ಳಿ, ಹರಿಹರ, ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು. ಆಗುಂಬೆಯ ತಿರುವುಗಳಲ್ಲಿ ಮಿನಿ ಬಸ್ಸುಗಳೇ ಗತಿ. ಮಳೆಗಾಲದಲ್ಲಿ ಘಟ್ಟದ ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ.

ನಿಜವಾದ ಪರೀಕ್ಷೆ ಬಸ್ಸಿಳಿದ ಮೇಲೆ. ಸರಕಾರಿ ಬಸ್ ನಿಲ್ದಾಣವಿರುವುದು ಬಿಜೈಯಲ್ಲಿ. ಊರೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದು. ಅಲ್ಲಿ ಆಧಾರ್ ಕಾರ್ಡ್ ತೋರಿಸಿ ಪ್ರಯೋಜನವಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. 'ಸ್ಟೇಟ್ ಬ್ಯಾಂಕ್' ಎಂಬ ಹೆಸರೊಂದನ್ನು ನೆನಪಿಡಿ. ಕಂಡಕ್ಟರ್ ಹಾಗೆ ಕೂಗಿದರೆ ಬ್ಯಾಂಕಿಗೆ ಕರೆಯುತ್ತಿದ್ದಾನೆಂದು ತಿಳಿಯಬೇಡಿ! ಅದು ಹಂಪನಕಟ್ಟೆಯ ಬಳಿಯ ಸಿಟಿ ಬಸ್ ನಿಲ್ದಾಣ. ದೇರಳಕಟ್ಟೆಯ ಆಸ್ಪತ್ರೆಗಳಿಗೆ, ಉಳ್ಳಾಲಕ್ಕೆ, ಪಣಂಬೂರಿಗೆ ಬಸ್ಸು ಸಿಗುವುದು ಅಲ್ಲೇ. ಸರಕಾರದ ವೆನ್ಲಾಕ್ ಆಸ್ಪತ್ರೆಯೂ ಹೆರಿಗೆಯ ಲೇಡಿ ಗೋಷನ್ ಆಸ್ಪತ್ರೆಯೂ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ರಾತ್ರಿ ಒಂಬತ್ತರ ಹೊತ್ತಿಗೆ ಸಿಟಿ ಬಸ್ಸುಗಳು ವಿರಳವಾಗುತ್ತವೆ. ರೋಗಿಯ ಜೊತೆಗಿರುವವರು ಇದನ್ನು ಮರೆಯಬಾರದು. ರೈಲಿನಲ್ಲಿ ಬರುವವರು ಟಿಕೆಟಿನಲ್ಲಿ ಸೆಂಟ್ರಲ್ ಎಂದಿದೆಯೋ ಜಂಕ್ಷನ್ ಎಂದಿದೆಯೋ ನೋಡಿಕೊಳ್ಳಿ. ಸೆಂಟ್ರಲ್ ಪೇಟೆಯಲ್ಲೇ ಇದೆ, ಜಂಕ್ಷನ್ ದೂರ.

ಇನ್ನು ಮಾತಿನ ವಿಷಯ. ನಮ್ಮ ಮನೆಗಳಲ್ಲಿ ಉರ್ದು, ಅಲ್ಲಿನ ಬಹುತೇಕ ಮುಸ್ಲಿಮರ ಮನೆಗಳಲ್ಲಿ ಬ್ಯಾರಿ, ಬೀದಿಯಲ್ಲಿ ತುಳು. ಬುರ್ಖಾ ಕಂಡು ಉರ್ದುವಿನಲ್ಲಿ ದಾರಿ ಕೇಳಿದರೆ ಎದುರಿನ ಸಹೋದರಿ ಪಿಳಿಪಿಳಿ ನೋಡಿಯಾಳು. ಕನ್ನಡದಲ್ಲಿ ಕೇಳಿ. ಪುಸ್ತಕದಲ್ಲಿರುವಂಥ ಕನ್ನಡದಲ್ಲೇ ಉತ್ತರ ಬರುತ್ತದೆ. ಹೋಟೆಲಿನಲ್ಲಿ ಮಾತ್ರ ಜೋಳದ ರೊಟ್ಟಿಯ ನಿರೀಕ್ಷೆ ಬೇಡ. ಕೋಳಿ ಸಾರಿಗೆ ಅವರು ಕೊಡುವ ರೊಟ್ಟಿ ಹಪ್ಪಳದಂತೆ ಗರಿಗರಿಯಾದ ಅಕ್ಕಿಯದು. ಮುರಿದು ಸಾರಿನಲ್ಲಿ ನೆನೆಸಿ ತಿನ್ನಬೇಕು.

ಬಿಡುವಿದ್ದರೆ ಹಳೆಯ ಬಂದರಿಗೆ ಹೋಗಿ. ಮೆಡಿಟರೇನಿಯನ್ ದಡದ ಅಲೆಕ್ಸಾಂಡ್ರಿಯಾ ಬಂದರನ್ನು 1326ರಲ್ಲಿ ಕಂಡಿದ್ದ ಇಬ್ನ್ ಬತೂತ ಆಮೇಲೆ ಈ ಊರಿಗೂ ಬಂದ. ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಬರೆದ. ಇಂದಿನ ದೊಡ್ಡ ಹಡಗುಗಳು ತಂಗುವುದು ಪಣಂಬೂರಿನ ಹೊಸ ಬಂದರಿನಲ್ಲಿ. 2000ದ ದಶಕದಲ್ಲಿ ನಮ್ಮ ಸಂಡೂರು, ಹೊಸಪೇಟೆ ಕಡೆಯ ಅದಿರು ಹಡಗೇರಿದ್ದು ಅಲ್ಲಿಂದಲೂ ಹೌದು.

ಮಕ್ಕಳಿಗೆ ಕಡಲು ತೋರಿಸಬೇಕೆಂದರೆ ಟಿಪ್ಪು ಕಾಲದ ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ. ಆಚೆ ದಡದಲ್ಲೇ ತಣ್ಣೀರುಬಾವಿ. ಮಳೆಗಾಲದಲ್ಲಿ ಯಾರನ್ನೂ ನೀರಿಗಿಳಿಸಬೇಡಿ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹತ್ತುವ ಮೊದಲೇ ಕೇಳಿಕೊಳ್ಳಿ.