ಹೆದರಿಸಿ ಹಣ ಕೇಳುವ ನಕಲಿ ಆಂಟಿವೈರಸ್



ಅಕ್ಕಲಕೋಟೆ ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. ಅಲ್ಲಿ ಒಂದು ಬಚತ ಗಟ ಇದೆ. ಗಟದಲ್ಲಿ ಹನ್ನೆರಡು ಮಂದಿ ಹೆಣ್ಣುಮಕ್ಕಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಸೊಲ್ಲಾಪುರದ ಅಂಗಡಿಗಳಿಗೆ ಕೊಡುತ್ತಾರೆ. ಲೆಕ್ಕ ಬರೆಯಲು ಒಂದು ಹಳೆಯ ಕಂಪ್ಯೂಟರ್ ಕೊಂಡಿದ್ದಾರೆ.

ಒಂದು ದಿನ ಗಟದ ಅಕ್ಕ ಇಂಟರ್‌ನೆಟ್‌ನಲ್ಲಿ ಶೇಂಗಾ ದರ ನೋಡುತ್ತಿದ್ದಾರೆ. ತಟ್ಟನೆ ಪರದೆ ಕೆಂಪಾಯಿತು. ಸೈರನ್ ಹೊಡೆದ ಹಾಗೆ ಸದ್ದು ಬಂತು. ಪರದೆಯ ಮೇಲೆ ಹೀಗೆ ಬರೆದಿತ್ತು: "ನಿಮ್ಮ ಕಂಪ್ಯೂಟರಿನಲ್ಲಿ 247 ವೈರಸ್ ಸಿಕ್ಕಿವೆ. ಎಲ್ಲಾ ಹಾಳಾಗುತ್ತದೆ. ಕೂಡಲೇ ಇಲ್ಲಿ ಒತ್ತಿ."

ಅಕ್ಕನ ಎದೆ ಧಸಕ್ ಅಂತು. ಮೂರು ವರ್ಷದ ಲೆಕ್ಕ ಅದರಲ್ಲೇ ಇದೆ! ಕೈ ಮೌಸ್ ಕಡೆ ಹೋಯಿತು.

ಅಲ್ಲಿ ನೀವಿದ್ದರೆ ಏನು ಮಾಡ್ತಿದ್ರಿ? ಒತ್ತುತ್ತಿದ್ರಾ? ಒತ್ತಬ್ಯಾಡ್ರಿ. ಕೈ ಹಿಂದೆ ತಗೊಳ್ರಿ. ಮೊದಲು ಇದನ್ನು ಓದಿ.

ಇದು ಏನು?

ಕಂಪ್ಯೂಟರ್ ಕೆಡಿಸಲು ಕೆಟ್ಟ ಜನ ಬರೆದ ಪ್ರೋಗ್ರಾಂಗಳಿವೆ. ಅವನ್ನು ನಾವು ವೈರಸ್ ಅನ್ನುತ್ತೇವೆ. ವೈರಸ್ ಹುಡುಕಿ ತೆಗೆಯುವ ಪ್ರೋಗ್ರಾಂಗೆ ಆಂಟಿವೈರಸ್ ಅನ್ನುತ್ತಾರೆ. ಇದು ಕಂಪ್ಯೂಟರಿನ ಕಾವಲುಗಾರ ಇದ್ದ ಹಾಗೆ.

ಕಾವಲುಗಾರನ ವೇಷ ಹಾಕಿ ಬರುವ ಕಳ್ಳನೂ ಇದ್ದಾನೆ. ಅವನೇ ನಕಲಿ ಆಂಟಿವೈರಸ್. ಅವನು ವೈರಸ್ ತೆಗೆಯುವುದಿಲ್ಲ. ಇಲ್ಲದ ವೈರಸ್ ಇದೆ ಅಂತ ಹೇಳಿ ಹೆದರಿಸುತ್ತಾನೆ. ನಾವು ಹೆದರಿದ ಮೇಲೆ ಹಣ ಕೇಳುತ್ತಾನೆ.

ಬಾಗಿಲ ಹೊರಗೆ ನಿಂತ ಒಬ್ಬ ಮನುಷ್ಯ "ನಿಮ್ಮ ಮನೆಯೊಳಗೆ 40 ಚೇಳು ಇವೆ" ಅಂದರೆ ನಂಬ್ತೀರಾ? ಅವನು ಒಳಗೇ ಬಂದಿಲ್ಲ. ಎಣಿಸಿದ್ದು ಯಾವಾಗ? ಇಂಟರ್‌ನೆಟ್ ಪುಟದಲ್ಲಿ ಬರುವ ಎಚ್ಚರಿಕೆಯೂ ಹಾಗೇ. ಅದು ನಿಮ್ಮ ಕಂಪ್ಯೂಟರನ್ನು ಹುಡುಕಿಯೇ ಇಲ್ಲ. 247 ಅನ್ನುವುದು ಮೊದಲೇ ಬರೆದಿಟ್ಟ ಅಂಕಿ. ಯಾರು ಆ ಪುಟ ತೆರೆದರೂ ಅದೇ ಚಿತ್ರ, ಅದೇ ಸದ್ದು.

ಮೋಸ ಹೋದವರು ನಾವಷ್ಟೇ ಅಲ್ಲ

ಮೋಸ ಹೋದವರು ದಡ್ಡರು ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಗ್ರಾಹಕರ ಪರವಾಗಿ ಕೆಲಸ ಮಾಡುವ ಒಂದು ಸರಕಾರಿ ಸಂಸ್ಥೆ ಇದೆ. ಅದರ ಹೆಸರು ಫೆಡರಲ್ ಟ್ರೇಡ್ ಕಮಿಷನ್. ಇಂಥ ಮೋಸಗಾರರ ಮೇಲೆ ಅದು 2008ರಲ್ಲಿ ಕೋರ್ಟಿಗೆ ಹೋಯಿತು. ವಿನ್‌ಫಿಕ್ಸರ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆಂಟಿವೈರಸ್ ಅನ್ನುವ ಹೆಸರಿನಲ್ಲಿ ಅವರು ನಕಲಿ ಮಾಲು ಮಾರಿದ್ದರು. 10 ಲಕ್ಷಕ್ಕೂ ಹೆಚ್ಚು ಜನ ಮೋಸ ಹೋಗಿದ್ದರು. ಒಬ್ಬೊಬ್ಬರು 40 ಡಾಲರ್‌ವರೆಗೆ, ಕೆಲವರು ಇನ್ನೂ ಹೆಚ್ಚು ಕೊಟ್ಟಿದ್ದರು. 2012ರಲ್ಲಿ ಕೋರ್ಟು 16 ಕೋಟಿ ಡಾಲರ್‌ಗೂ ಮೀರಿದ ದಂಡದ ತೀರ್ಪು ಕೊಟ್ಟಿತು.

ಅವರು ಒಳ್ಳೆಯ ಪುಟಗಳಲ್ಲಿಯೂ ಕಳ್ಳ ಜಾಹೀರಾತು ತೂರಿಸಿದ್ದರು. ಆದ್ದರಿಂದ "ನಾನು ಕೆಟ್ಟದ್ದೇನೂ ನೋಡಿಲ್ಲ, ನನಗೆ ಬರೋದಿಲ್ಲ" ಅನ್ನುವ ಹಾಗಿಲ್ಲ.

ಗುರುತು ಹಿಡಿಯುವುದು ಹೇಗೆ?

1. ಅವಸರ ಮಾಡಿಸುತ್ತದೆ. "ಈಗಲೇ ಒತ್ತಿ, 5 ನಿಮಿಷ ಮಾತ್ರ ಉಳಿದಿದೆ" ಅನ್ನುತ್ತದೆ.

2. ಫೋನ್ ನಂಬರ್ ಕೊಡುತ್ತದೆ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಕಂಪನಿಯ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಮೋಸ ಅಂತಲೇ ತಿಳಿಯಿರಿ.

3. ನೀವು ಎಂದೂ ಹಾಕಿಸದ ಆಂಟಿವೈರಸ್ ಹೆಸರು ತೋರಿಸುತ್ತದೆ.

4. ವೈರಸ್ ತೆಗೆಯಲು ಕಾರ್ಡ್ ನಂಬರ್ ಇಲ್ಲವೇ ಒಟಿಪಿ ಕೇಳುತ್ತದೆ.

ಪರದೆ ಕೆಂಪಾದರೆ ಏನು ಮಾಡಬೇಕು?

ಆ ಪುಟದಲ್ಲಿ ಎಲ್ಲಿಯೂ ಒತ್ತಬೇಡಿ. "ಬೇಡ" ಅಂತ ಬರೆದ ಗುಂಡಿಯನ್ನೂ ಒತ್ತಬೇಡಿ. ಅದೂ ಅವರೇ ಮಾಡಿದ ಗುಂಡಿ.

ಕೀಲಿಮಣೆಯಲ್ಲಿ ಆಲ್ಟ್ ಮತ್ತು ಎಫ್4 ಎರಡನ್ನೂ ಒಟ್ಟಿಗೆ ಒತ್ತಿ. ಪುಟ ಮುಚ್ಚುತ್ತದೆ. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಕ್ರೋಮ್ ಅಥವಾ ಎಡ್ಜ್ ಹೆಸರನ್ನು ಆರಿಸಿ, "ಎಂಡ್ ಟಾಸ್ಕ್" ಒತ್ತಿ. ಮತ್ತೆ ಇಂಟರ್‌ನೆಟ್ ತೆರೆದಾಗ "ಹಳೆಯ ಪುಟ ತೆರೆಯಲೇ?" ಅಂತ ಕೇಳಿದರೆ ಬೇಡ ಅನ್ನಿ.

ಅನೇಕ ಸಲ ಇಷ್ಟಕ್ಕೇ ಕಾಟ ಮುಗಿಯುತ್ತದೆ.

ಮೂಲೆಯಲ್ಲಿ ಪದೇ ಪದೇ ಚಿಕ್ಕ ಎಚ್ಚರಿಕೆ ಬರುತ್ತಿದೆಯೇ? ಹಾಗಾದರೆ ಯಾವುದೋ ಪುಟಕ್ಕೆ ನೀವು ತಿಳಿಯದೆ "ಅಲೋ" ಒತ್ತಿರಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಆಂಡ್ ಸೆಕ್ಯುರಿಟಿ, ಆಮೇಲೆ ಸೈಟ್ ಸೆಟ್ಟಿಂಗ್ಸ್, ಆಮೇಲೆ ನೋಟಿಫಿಕೇಶನ್ಸ್ ತೆರೆಯಿರಿ. ಗುರುತಿಲ್ಲದ ಹೆಸರುಗಳನ್ನು ತೆಗೆದು ಹಾಕಿ.

ಒಳಗೇ ಬಂದು ಕೂತಿದ್ದರೆ?

ಯಾರೋ ಒತ್ತಿಬಿಟ್ಟರು, ನಕಲಿ ಪ್ರೋಗ್ರಾಂ ಒಳಗೆ ಸೇರಿತು ಅನ್ನಿ. ಗಾಬರಿ ಬೇಡ. ಒಂದೊಂದೇ ಹೆಜ್ಜೆ ಇಡಿ.

1. ಮೊದಲು ಇಂಟರ್‌ನೆಟ್ ನಿಲ್ಲಿಸಿ. ತಂತಿ ಇದ್ದರೆ ಕೀಳಿ. ವೈಫೈ ಇದ್ದರೆ ಆರಿಸಿ.

2. ಸೆಟ್ಟಿಂಗ್ಸ್ ತೆರೆದು ಆಪ್ಸ್ ಅನ್ನುವಲ್ಲಿ ಹೋಗಿ. ಅಲ್ಲಿ ಪ್ರೋಗ್ರಾಂಗಳ ಪಟ್ಟಿ ಇರುತ್ತದೆ. ತಾರೀಕು ನೋಡಿ. ಇವತ್ತು ನಿನ್ನೆ ಸೇರಿದ, ನಿಮಗೆ ಗೊತ್ತಿಲ್ಲದ ಹೆಸರು ಕಂಡರೆ "ಅನ್‌ಇನ್‌ಸ್ಟಾಲ್" ಒತ್ತಿ.

3. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಅನ್ನುವ ನಿಜವಾದ ಆಂಟಿವೈರಸ್ ಮೊದಲೇ ಇರುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ. ತೆರೆದಿಟ್ಟ ಕೆಲಸವನ್ನು ಸೇವ್ ಮಾಡಿ. ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಆಮೇಲೆ ಸ್ಕ್ಯಾನ್ ಆಪ್ಷನ್ಸ್ ಒತ್ತಿ. ಅಲ್ಲಿ "ಆಫ್‌ಲೈನ್ ಸ್ಕ್ಯಾನ್" ಆರಿಸಿ. ಕಂಪ್ಯೂಟರ್ ತಾನೇ ಬಂದಾಗಿ ಮತ್ತೆ ಶುರುವಾಗುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ನಕಲಿ ಪ್ರೋಗ್ರಾಂ ಏಳುವ ಮೊದಲೇ ಇದು ಹುಡುಕುತ್ತದೆ. ಅದಕ್ಕೇ ಇದು ಹೆಚ್ಚು ಉಪಯೋಗ.

4. ಇಷ್ಟು ಮಾಡಿದರೂ ಹೋಗದಿದ್ದರೆ ಗುರುತಿನ ರಿಪೇರಿಯವರ ಹತ್ತಿರ ಒಯ್ಯಿರಿ. ಪರದೆಯಲ್ಲಿ ಬಂದ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಫೋನ್ ಮಾಡಿದರೆ "ನಾವು ದೂರದಿಂದಲೇ ಸರಿ ಮಾಡ್ತೀವಿ" ಅಂತ ಕಂಪ್ಯೂಟರನ್ನೇ ಕೈಗೆ ತಗೊಳ್ಳುತ್ತಾರೆ.

ಕೇಂದ್ರ ಸರಕಾರ 2017ರಲ್ಲಿ "ಸೈಬರ್ ಸ್ವಚ್ಛತಾ ಕೇಂದ್ರ" ಶುರು ಮಾಡಿದೆ. ಕಂಪ್ಯೂಟರ್ ಸ್ವಚ್ಛ ಮಾಡುವ ಪ್ರೋಗ್ರಾಂಗಳನ್ನು ಅದು ಪುಕ್ಕಟೆ ಕೊಡುತ್ತದೆ.

ಹಣ ಕೊಟ್ಟುಬಿಟ್ಟಿದ್ದರೆ?

ನಾಚಿಕೆಪಟ್ಟು ಸುಮ್ಮನೆ ಕೂಡಬೇಡಿ. ಮನೆಯವರು ಬೈಯ್ತಾರೆ ಅಂತ ಮುಚ್ಚಿಡಬೇಡಿ. ಹೊತ್ತು ಕಳೆದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸಿ. ಬ್ಯಾಂಕಿನ ನಂಬರ್ ಪಾಸ್‌ಬುಕ್‌ನಲ್ಲಿ ಅಥವಾ ಕಾರ್ಡಿನ ಹಿಂದೆ ನೋಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಮೋಸದ ದೂರಿಗೆ ಇರುವ ಸರಕಾರಿ ನಂಬರ್. ಗಡಿಯ ಈ ಕಡೆ ಸೊಲ್ಲಾಪುರದಲ್ಲಿದ್ದರೂ, ಆ ಕಡೆ ವಿಜಯಪುರದಲ್ಲಿದ್ದರೂ ನಂಬರ್ ಒಂದೇ. ಆಮೇಲೆ ಬೇರೆ ಫೋನಿನಿಂದ ಇಲ್ಲವೇ ಬೇರೆ ಕಂಪ್ಯೂಟರಿನಿಂದ ನಿಮ್ಮ ಪಾಸ್‌ವರ್ಡ್‌ಗಳನ್ನು ಬದಲಿಸಿ.

ಕೊನೆಗೆ ಒಂದು ಮಾತು

ಗಟದ ಅಕ್ಕ ಏನು ಮಾಡಿದರು? ಒತ್ತಲಿಲ್ಲ. ಅವರೂ ನಿಮ್ಮ ಹಾಗೇ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. "ಓದದೆ ಹೆಬ್ಬೆಟ್ಟು ಒತ್ತಬಾರದು" ಅಂತ ಅವರಿಗೆ ಗೊತ್ತಿತ್ತು. ಮೌಸ್ ಒತ್ತುವುದೂ ಹೆಬ್ಬೆಟ್ಟು ಒತ್ತಿದ ಹಾಗೇ. ನಿಧಾನವಾಗಿ ಓದಿದರು. ಕೆಳಗೆ ಫೋನ್ ನಂಬರ್ ಕಂಡಿತು. "ಓಹೋ, ಇದು ಕಳ್ಳಂದು" ಅಂದರು. ಆಲ್ಟ್, ಎಫ್4 ಒತ್ತಿದರು. ಸದ್ದು ನಿಂತಿತು. ಲೆಕ್ಕ ಇದ್ದಲ್ಲೇ ಇತ್ತು.

ಅವತ್ತಿನಿಂದ ಅವರು ವಾರಕ್ಕೊಮ್ಮೆ ಲೆಕ್ಕವನ್ನು ಪೆನ್ ಡ್ರೈವ್‌ಗೆ ಹಾಕಿ, ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಾರೆ. ನೀವೂ ಹಾಗೆ ಮಾಡಿ.

ಓದಿ, ಮಾತಾಡಿ

1. ನಕಲಿ ಆಂಟಿವೈರಸ್ ಗುರುತು ಹಿಡಿಯುವ ನಾಲ್ಕು ಲಕ್ಷಣ ಯಾವುವು?
2. ಪುಟ ಮುಚ್ಚಲು ಯಾವ ಎರಡು ಕೀಲಿ ಒತ್ತಬೇಕು?
3. 1930 ನಂಬರನ್ನು ಒಂದು ಚೀಟಿಯಲ್ಲಿ ಬರೆಯಿರಿ. ನಿಮ್ಮ ಕಂಪ್ಯೂಟರ್ ಪಕ್ಕ ಅಂಟಿಸಿರಿ.