ಬಾವಿಯ ನೀರು ಶುದ್ಧಿ: ಕಲಿತು ಮಾಡುವ ಕೆಲಸ



ಮಳೆ ಹಿಡಿದು ಬಾವಿ ತುಂಬಿತೆಂದರೆ ನಮಗೆಲ್ಲ ಹಿಗ್ಗು. ಆದರೆ ತುಂಬಿದ್ದು ಬರೀ ಮಳೆನೀರಲ್ಲ. ತಿಪ್ಪೆಯ ರಸ, ಕೊಟ್ಟಿಗೆಯ ಗಂಜಲ, ಕಕ್ಕಸು ಗುಂಡಿಯ ಒಸರು, ಎಲ್ಲವೂ ನೆಲದೊಳಗೆ ಇಳಿದು ಬಾವಿಯನ್ನು ಸೇರಬಹುದು. ನೋಡಲು ನೀರು ತಿಳಿಯಾಗಿಯೇ ಇರುತ್ತದೆ, ರುಚಿಯೂ ಕೆಡುವುದಿಲ್ಲ. ಮನೆಯ ಮಕ್ಕಳಿಗೆ ವಾಂತಿಭೇದಿ ಹಿಡಿದಾಗಲೇ ನಮಗೆ ಎಚ್ಚರ.

ಆಗ ಏನ್ಮಾಡ್ತೀವಿ? ಬ್ಲೀಚಿಂಗ್ ಪುಡಿ ತಂದು ಕೈಗೆ ಬಂದಷ್ಟು ಸುರೀತೀವಿ. ಒಂದು ಊರಿನಲ್ಲಿ ಇಡೀ ಚೀಲವನ್ನೇ ಸುರಿದದ್ದನ್ನು ನಾನು ಕಂಡಿದ್ದೇನೆ. ಘಾಟಿಗೆ ಯಾರೂ ಆ ನೀರು ಮುಟ್ಟಲಿಲ್ಲ. ಹೆಂಗಸರು ಕೊಡ ಹೊತ್ತು ದನ ಮೀಯುವ ಕೆರೆಗೆ ನಡೆದರು! ಶುದ್ಧಿ ಮಾಡಲು ಹೋಗಿ ಊರಿಗೆ ಊರೇ ಇನ್ನೂ ಕೊಳೆ ನೀರು ಕುಡಿಯಿತು.

ಆದ್ದರಿಂದ ಈ ಕೆಲಸ ಕಲಿತವರ ಕೈಯಲ್ಲಿರಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸುವ ಏರ್ಪಾಡಿದೆ. ನಿಮ್ಮೂರಿನ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ತರಬೇತಿಗೆ ಕಳಿಸುವಾಗ ಭತ್ಯದ ಆಸೆಗೆ ಹೋಗುವವರು ಬೇಡ. ದಿನವೂ ಆ ಬಾವಿಯಲ್ಲಿ ನೀರು ಸೇದುವ ಸೊಸೆಯನ್ನೋ ಮಗಳನ್ನೋ ಕಳಿಸಿ. ಬೇಗ ಕಲಿಯುವವರು ಅವರೇ.

ಮೊದಲ ಪಾಠ ಪರೀಕ್ಷೆ. ಔಷಧಿಯಿರುವ ಸಣ್ಣ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಡುತ್ತಾರೆ. ಕಪ್ಪಾದರೆ ನೀರಿಗೆ ಮಲ ಸೇರಿರಬೇಕೆಂದು ತಿಳಿಯಬೇಕು. ಕೂಡಲೇ ಬಾವಿಯ ಸುತ್ತ ನೋಡಬೇಕು. ತಿಪ್ಪೆ, ಕಕ್ಕಸು ಗುಂಡಿ ಬಾವಿಗೆ 15 ಮೀಟರಿನೊಳಗೆ ಇವೆಯೇ? ಕಟ್ಟೆ ಬಿರುಕು ಬಿಟ್ಟಿದೆಯೇ? ಚೆಲ್ಲಿದ ನೀರು ವಾಪಸು ಬಾವಿಗೇ ಇಳಿಯುತ್ತದೆಯೇ? ಇದನ್ನು ಸರಿಪಡಿಸದೆ ಪುಡಿ ಹಾಕಿದರೆ ಮತ್ತೆ ವಾರಕ್ಕೆ ಅದೇ ಪಾಡು.

ಆಮೇಲೆ ಲೆಕ್ಕ. ದುಂಡು ಬಾವಿಯ ಅಡ್ಡಳತೆ 3 ಮೀಟರು, ನೀರಿನ ಆಳ 4 ಮೀಟರು ಎನ್ನಿ. ಮೂರು ಮೂರಲೆ 9, ಒಂಬತ್ತು ನಾಲ್ಕಲೆ 36. ಇದನ್ನು 785ರಿಂದ ಗುಣಿಸಿದರೆ 28,260 ಲೀಟರು ನೀರಾಯಿತು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ ಬೇಕಾದದ್ದು ಸುಮಾರು 70 ಗ್ರಾಂ ಅಷ್ಟೆ. ಚೀಲವೆಲ್ಲಿ, 70 ಗ್ರಾಂ ಎಲ್ಲಿ! ಪುಡಿ ಹೊಸದಿರಬೇಕು. ಬಾಯಿ ತೆರೆದಿಟ್ಟ ಪುಡಿಯ ಸತ್ವ ಹಾರಿಹೋಗಿರುತ್ತದೆ.

ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಮುಕ್ಕಾಲು ಬಕೆಟು ನೀರು ತುಂಬಿ, ಚೆನ್ನಾಗಿ ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ಹಗ್ಗ ಎಳೆದಾಡಿ ನೀರನ್ನು ಕಲಕಿ. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡುಸಾಗುತ್ತದೆ. ಕನಿಷ್ಠ ಒಂದು ಗಂಟೆ ಯಾರೂ ಸೇದಬಾರದು. ರಾತ್ರಿ ಎಲ್ಲರೂ ಸೇದಿ ಮುಗಿಸಿದ ಮೇಲೆ ಹಾಕಿದರೆ ಜಗಳವೇ ಇಲ್ಲ.

ಇನ್ನೊಂದು ಮಾತಿದೆ, ಇದು ನಮ್ಮ ಬೇಸಾಯಕ್ಕೇ ಸೇರಿದ್ದು. ಬ್ಲೀಚಿಂಗ್ ಪುಡಿ ರೋಗಾಣುವನ್ನು ಕೊಲ್ಲುತ್ತದೆ. ಗೊಬ್ಬರದಿಂದ ಇಳಿದ ನೈಟ್ರೇಟನ್ನು ಅದು ತೆಗೆಯಲಾರದು. ಕುದಿಸಿದರೂ ಹೋಗದು, ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಸುಗೂಸಿಗೆ ಪುಡಿಹಾಲು ಕಲಸಿ ಕುಡಿಸಿದರೆ ಮಗುವಿನ ಮೈ ನೀಲಿಗಟ್ಟಿ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂಥ ಮನೆಯವರು ಪರೀಕ್ಷೆಯಾದ ಬೇರೆ ನೀರನ್ನೇ ತರಬೇಕು. ಯೂರಿಯವನ್ನು ಒಂದೇ ಸಲ ಎರಚಬೇಡಿ, ಪೈರು ಉಣ್ಣುವಷ್ಟನ್ನು ಎರಡು ಮೂರು ಕಂತಿನಲ್ಲಿ ಕೊಡಿ. ಬಾವಿಯ ಪಕ್ಕದ ತಿಪ್ಪೆಯನ್ನು ಈ ಮಳೆಗಾಲಕ್ಕೆ ಮುಂಚೆಯೇ ಇಳಿಜಾರಿನ ಕೆಳಗೆ ದೂರಕ್ಕೆ ಸಾಗಿಸಿ.